ನಾಲ್ಕು ಡಿಗ್ರಿಯಲ್ಲೇ ನಿಂತ ಫ್ರಿಜ್

ಬೆಳಗಿನಿಂದ ನಾಲ್ಕೇ ಡಿಗ್ರಿ. ಒಂದು ಗೆರೆ ಮೇಲಿಲ್ಲ, ಒಂದು ಗೆರೆ ಕೆಳಗಿಲ್ಲ. ಮಕ್ಕಳ ಆಸ್ಪತ್ರೆಯ ಲಸಿಕೆ ಫ್ರಿಜ್ ಎಷ್ಟು ತಣ್ಣಗಿದೆಯೆಂದು ಅವಳ ಫೋನಿಗೂ ಬರುತ್ತಿತ್ತು. ಆ ಅಂಕಿ ಕಳಿಸುವ ಪ್ರೋಗ್ರಾಂ ಅನ್ನು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದವಳೇ ಅವಳು. ಹೆರಿಗೆ ರಜೆಗೆ ಬಂದರೂ ಅದನ್ನು ನಿಲ್ಲಿಸಲು ಮನಸ್ಸಾಗಿರಲಿಲ್ಲ. ತೊಡೆಯ ಮೇಲೆ ಮಗು ಹಾಲು ಕುಡಿದು ಮಲಗಿತ್ತು. ಅವಳ ಕಣ್ಣು ಮಾತ್ರ ಆ ನಾಲ್ಕಕ್ಕೇ ಅಂಟಿಕೊಂಡಿತ್ತು.

ಸರಿಯಾಗೇ ಇದೆಯಲ್ಲ, ಮತ್ತೇನು ಎಂದು ಗಂಡ ಕೇಳಿ ಕೆಲಸಕ್ಕೆ ಹೊರಟುಹೋದ. ಸರಿಯಾಗಿರುವುದೇ ಅವಳ ತಳಮಳ. ಇವತ್ತು ಲಸಿಕೆ ಹಾಕುವ ದಿನ, ಫ್ರಿಜ್ಜಿನ ಬಾಗಿಲು ಗಳಿಗೆಗೊಮ್ಮೆ ತೆರೆಯುತ್ತದೆ. ಅಂಥದ್ದರಲ್ಲಿ ಅಂಕಿ ಕಲ್ಲಿನ ಹಾಗೆ ಕದಲದೆ ಕೂತೀತೇ?

"ಮಗು ಅತ್ರೂ ಭಯ, ಸುಮ್ನಿದ್ರೂ ಭಯ ನಿಂಗೆ," ಅಂದರು ಬಟ್ಟೆ ಮಡಚುತ್ತಿದ್ದ ಅತ್ತೆ. "ಈಗ ಫ್ರಿಜ್ಜಿಗೂ ಅದೇನಾ?"

ಅವಳು ಫೋನಿನಲ್ಲೇ ಕೋಡ್ ತೆರೆದು ನೋಡಿದಳು. ಅವಳು ಬರೆದಿದ್ದಾಗ ಪ್ರೋಗ್ರಾಂ ಫ್ರಿಜ್ಜಿನ ಎಲೆಕ್ಟ್ರಾನಿಕ್ ಥರ್ಮಾಮೀಟರಿನ ತಂತಿ ಹಿಡಿಯುತ್ತಿತ್ತು, ಅಂಕಿ ಓದುತ್ತಿತ್ತು, ಆ ಕೂಡಲೇ ತಂತಿ ಬಿಡುತ್ತಿತ್ತು. ಅವಳ ಜಾಗಕ್ಕೆ ಬಂದವನು ಬಿಡುವ ಕೆಲಸವನ್ನು ಡೆಸ್ಟ್ರಕ್ಟರಿಗೆ ಒಪ್ಪಿಸಿ, ಇವತ್ತು ಬೆಳಗ್ಗೆ ಚಾಲೂ ಮಾಡಿದ್ದ. ಪೈಥಾನ್‌ನಲ್ಲಿ ಪ್ರತಿ ಸಲ ಅಂಕಿ ಓದಲು ಹುಟ್ಟುವ ಆಬ್ಜೆಕ್ಟ್ ಕಣ್ಣು ಮುಚ್ಚುವ ಹೊತ್ತಿಗೆ ನಡೆಯುವ ಕೆಲಸ ಅದು. ಆದರೆ ಎಲ್ಲೋ ಒಂದು ಕಡೆ ಯಾರಾದರೂ ಅದನ್ನು ಹಿಡಿದುಕೊಂಡೇ ಇದ್ದರೆ ಅದಕ್ಕೆ ಸಾವೆಲ್ಲಿಂದ ಬರಬೇಕು? ಮುಂದೆ ಬೇಕಾದೀತೆಂದು ಓದಿ ಮುಗಿಸಿದ ಪ್ರತಿ ಆಬ್ಜೆಕ್ಟನ್ನೂ ಅವನು ಒಂದು ಕಡೆ ಕೂಡಿಡುತ್ತಿದ್ದ. ಹಳೆಯದು ತಂತಿ ಬಿಡದು, ಹೊಸದಕ್ಕೆ ತಂತಿ ಸಿಗದು. ಸಿಗದಿದ್ದರೆ ಹಿಂದಿನ ಅಂಕಿಯನ್ನೇ ತೋರಿಸು ಅಂತ ಬೇರೆ ಬರೆದಿದ್ದ.

ತಂತಿ ಯಾರು ಬಿಡುತ್ತಾರೆ ಎಂದು ಅವಳು ಕೇಳಿದ್ದಕ್ಕೆ ಅವನಿಂದ ಮೆಸೇಜು ಬಂತು: "ಕೆಲಸ ಮುಗಿದದ್ದನ್ನ ಪೈಥಾನ್ ತಾನೇ ಗುಡಿಸುತ್ತೆ ಮೇಡಂ, ನೀವು ತೊಟ್ಟಿಲು ತೂಗಿ."

ಸಣ್ಣದಕ್ಕೂ ಅಪಾಯದ ಗಂಟೆ ಬಾರಿಸುತ್ತಾಳೆಂದು ಆಫೀಸಿನಲ್ಲಿ ಅವಳಿಗೆ ಗಂಟೆಮ್ಮ ಎಂದು ಹೆಸರಿತ್ತು. ಇದೂ ಸುಳ್ಳು ಗಂಟೆಯಾದರೆ ವರ್ಷವಿಡೀ ನಗುತ್ತಾರೆ. ಆದರೆ ಎಂಟು ಡಿಗ್ರಿ ದಾಟಿ ಕಾವು ತಗುಲಿದ ಲಸಿಕೆ ನೋಡಲು ಒಳ್ಳೆಯದರ ಹಾಗೇ ಇರುತ್ತದೆ. ಚುಚ್ಚಿಸಿಕೊಂಡ ಮಗುವಿಗೆ ನೋವಷ್ಟೇ ಲಾಭ, ಹೆತ್ತವಳಿಗೆ ಗೊತ್ತೂ ಆಗುವುದಿಲ್ಲ. ಹೋದ ವಾರದ ಸೂಜಿಯ ಗಂಟು ತನ್ನ ಮಗುವಿನ ತೊಡೆಯಲ್ಲಿ ಇನ್ನೂ ಬೆರಳಿಗೆ ಸಿಗುತ್ತಿತ್ತು.

ಮಗುವನ್ನು ಅತ್ತೆಯ ಕೈಗಿಟ್ಟು ಅವಳು ಆಫೀಸಿಗಲ್ಲ, ನೇರ ಆಸ್ಪತ್ರೆಯ ಹಿರಿಯ ನರ್ಸಿಗೇ ಫೋನ್ ಹಚ್ಚಿದಳು.

"ಅಕ್ಕಾ, ನಗಬೇಡಿ. ಪರದೆ ಮೇಲಿನ ಅಂಕಿ ಬಿಡಿ. ಫ್ರಿಜ್ಜಿನೊಳಗೆ ಗಾಜಿನ ಥರ್ಮಾಮೀಟರ್ ಇದೆಯಲ್ಲ, ಅದನ್ನ ಕಣ್ಣಾರೆ ನೋಡಿ ಹೇಳ್ತೀರಾ?"

ಇಲ್ಲಿ ಕಾಲಿಡೋಕೆ ಜಾಗವಿಲ್ಲ ಎಂದು ನರ್ಸಕ್ಕ ಗೊಣಗಿದರು. ಚಪ್ಪಲಿ ಸದ್ದು, ಫ್ರಿಜ್ಜಿನ ಬಾಗಿಲು ತೆರೆದ ಸದ್ದು.

"ಹನ್ನೊಂದು ಇದೆ ಕಣಮ್ಮಾ." ಫೋನ್ ಕಿವಿಯಲ್ಲಿಟ್ಟುಕೊಂಡೇ, ಸೂಜಿ ಕೆಳಗಿಡಿ ಎಂದು ಅವರು ಒಳಗಿನವರಿಗೆ ಹೇಳಿದ್ದು ಕೇಳಿಸಿತು. "ಯಾವಾಗಿಂದ ಹೀಗಿದೆ?"

"ಗೊತ್ತಿಲ್ಲ ಅಕ್ಕಾ. ಬೆಳಗಿನಿಂದ ಯಾರೂ ಓದಿಲ್ಲ."