ಧೂಳಮ್ಮನ ಹಲ್ಲು

ಹುಮನಾಬಾದಿನ ನಮ್ಮ ಓಣಿಯಲ್ಲಿ ಅರವತ್ತು ದಾಟಿದ ಮೇಲೂ ಬಾಯಿ ತುಂಬ ಹಲ್ಲು ಉಳಿಸಿಕೊಂಡಿದ್ದವಳು ಧೂಳಮ್ಮ ಒಬ್ಬಳೇ. ಬೇರೆ ಊರಾಗಿದ್ದರೆ ಜನ ಅವಳನ್ನು ನಿಲ್ಲಿಸಿ, ಏನು ತಿಂತೀಯವ್ವಾ ಎಂದು ಕೇಳುತ್ತಿದ್ದರು. ನಮ್ಮ ಓಣಿಯವರು ಬುದ್ಧಿವಂತರು. ಅವಳು ಭಾನಾಮತಿ ಮಾಡುತ್ತಾಳೆ ಎಂದು ತೀರ್ಮಾನಿಸಿದರು.

ಭಾನಾಮತಿ ಎಂದರೆ ನಮ್ಮ ಕಡೆಯ ಮಾಟ. ಮಾಳಿಗೆಯ ಮೇಲೆ ಕಲ್ಲು ಬೀಳುವುದು, ಪೆಟ್ಟಿಗೆಯಲ್ಲಿ ಮಡಿಚಿಟ್ಟ ಸೀರೆಗೆ ಬೆಂಕಿ ಹತ್ತುವುದು, ಸೊಸೆ ನಾಯಿಯ ಹಾಗೆ ಬೊಗಳುವುದು, ಎಲ್ಲವೂ ಅದರ ಕೆಲಸವಂತೆ. ಮಾಡುವವಳ ಶಕ್ತಿ ಮಂತ್ರದಲ್ಲಿ, ಮಂತ್ರದ ಶಕ್ತಿ ಉಚ್ಚಾರದಲ್ಲಿ, ಉಚ್ಚಾರವಿರುವುದು ಹಲ್ಲಿನಲ್ಲಿ. ಆದ್ದರಿಂದ ಹಿಂದಿನವರು ಸರಳವಾದ ಇಲಾಜು ಕಂಡುಹಿಡಿದಿದ್ದರು: ಮುಂದಿನ ಹಲ್ಲು ಕಿತ್ತುಬಿಡುವುದು. ಮಂತ್ರ ತೊದಲುತ್ತದೆ, ಊರು ಸುಖವಾಗಿರುತ್ತದೆ. ಕೀಳಿಸಿಕೊಂಡವಳು ರೊಟ್ಟಿ ಹೇಗೆ ತಿನ್ನಬೇಕೆಂಬುದನ್ನು ಮಾತ್ರ ಅವರು ಯೋಚಿಸಿದಂತೆ ಕಾಣುವುದಿಲ್ಲ.

ಧೂಳಮ್ಮ ಸಿಂದಿಯ, ಅಂದರೆ ಈಚಲ, ಗರಿಯಿಂದ ಮನೆ ಗುಡಿಸುವ ಕಸಬರಗಿ ಕಟ್ಟಿ ಮಾರುತ್ತಿದ್ದಳು. ತವರು ಮಂಠಾಳ. ಗಂಡ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಹುಡಗಿ ಎಂಬ ಊರಿನ ಹಳ್ಳದ ದಂಡೆಯಿಂದ ಗರಿ ಕೊಯ್ದು ತಂದು, ಗುರುಶಾಂತ ಸಾವಕಾರರ ಕಿರಾಣಿ ಅಂಗಡಿಯ ಗೋಡೆಗೆ ಬೆನ್ನು ಕೊಟ್ಟು ಕೂತು ಕಟ್ಟುತ್ತಿದ್ದಳು. ಒಂದು ಕೈಯಲ್ಲಿ ಗರಿಯ ಹಿಡಿ, ಇನ್ನೊಂದರಲ್ಲಿ ಹುರಿ, ಹುರಿಯ ತುದಿ ಹಲ್ಲಿನಲ್ಲಿ. ಹಲ್ಲಿನಿಂದ ಜಗ್ಗಿದರೇ ಕಟ್ಟು ಬಿಗಿ. ಕೆಲಸದ ಉದ್ದಕ್ಕೂ ತುಟಿ ಅಲ್ಲಾಡುತ್ತಲೇ ಇರುತ್ತಿತ್ತು.

“ಏನ್ ಗುಣುಗುಣು ಅಂತೀಯಬೇ?” ಎಂದು ಒಮ್ಮೆ ಕೇಳಿದ್ದೆ.

“ಗರಿಗೆ ಬೈಯಾಕತ್ತೇನ್ರಿ ಅಕ್ಕಾ. ಬೈದ್ರ ಸಾಪ್ ಕೂಡ್ತಾವ. ಮನಷ್ಯಾರಂಗಲ್ಲ.”

ಅದನ್ನು ಓಣಿಯವರು ಮಂತ್ರವೆಂದರು. ತೊಂಬತ್ತೇಳರಲ್ಲಿ ಗುರುಶಾಂತರ ಎಮ್ಮೆ ಹಾಲು ಬತ್ತಿಸಿತು. ಕರು ಸತ್ತ ಎಮ್ಮೆ ಹಾಲು ಬತ್ತಿಸಿದರೆ ಅದಕ್ಕೊಂದು ಕಾರಣ ಬೇಕಲ್ಲ? ಕಾರಣ ಅಂಗಡಿಯ ಗೋಡೆಗೇ ಒರಗಿ ಕೂತಿತ್ತು.

ಅದೇ ವರ್ಷ ನಮ್ಮ ಓಣಿಗೆ ಕೇಬಲ್ ಟಿ.ವಿ. ಬಂದಿತ್ತು. ಕೇಬಲ್ಲಿನ ಸತೀಶಕುಮಾರ ದೀಪಾವಳಿಗೆ ಹೊಸದೇನಾದರೂ ಹಾಕುತ್ತೇನೆಂದು, ಹಿಂದಿಯಲ್ಲಿ ಮಾತಾಡಿಸಿದ ಒಂದು ಇಂಗ್ಲಿಷ್ ಪಿಚ್ಚರ್ ತಂದ. ಅದರ ಹೆಸರು ಯಾರಿಗೂ ಬಾಯಿಗೆ ಬರಲಿಲ್ಲ. ಓಣಿಯ ಮಟ್ಟಿಗೆ ಅದು “ಬುಡ್ಢಿ ಪಿಚ್ಚರ್”, ಮುದುಕಿಯ ಪಿಚ್ಚರ್. ಆ ಕಡೆಯವರಿಗೂ ಇದೇ ಸುಮಾರಿಗೆ ಹ್ಯಾಲೋವೀನ್ ಎಂಬ ಹಬ್ಬವಿದೆ, ಕುಂಬಳಕಾಯಿ ಕೊರೆದು ಒಳಗೆ ದೀಪ ಇಡುತ್ತಾರೆ, ಮಕ್ಕಳು ದೆವ್ವದ ವೇಷ ಹಾಕಿ ಮನೆಮನೆಗೆ ಮಿಠಾಯಿ ಕೇಳುತ್ತವೆ ಎಂದು ಸತೀಶಕುಮಾರ ವಿವರಿಸಿದ. “ಅಂದ್ರ ಅವರಿಗೂ ಅಮಾಸಿ ಅದ ಅನ್ನು,” ಎಂದು ಗುರುಶಾಂತರು ಸಮಾಧಾನಪಟ್ಟರು.

ಲಕ್ಷ್ಮಿ ಪೂಜೆಯ ಹಿಂದಿನ ಮಧ್ಯಾಹ್ನ ಅವರ ಪಡಸಾಲೆಯಲ್ಲಿ ಎಲ್ಲರೂ ಕೂತೆವು. ಧೂಳಮ್ಮ ಹೊಸ್ತಿಲ ಹೊರಗೆ. ಅವಳ ಜಾಗ ಅದೆಂದು ಯಾರೂ ಹೇಳಬೇಕಾಗಿರಲಿಲ್ಲ. ಪಿಚ್ಚರಿನಲ್ಲಿ ಚೂಪು ಟೊಪ್ಪಿಗೆಯ ಒಬ್ಬಳು ಮಾಟಗಾತಿ ಮುದುಕಿ. ಬಾಯಲ್ಲಿ ಕಟ್ಟಿಸಿದ ಹಲ್ಲು. ಮಂತ್ರ ಹೇಳುವಾಗ ಸರಿಯಾಗಿ ಆ ಹಲ್ಲಿನ ಸೆಟ್ಟು ಜಾರುತ್ತದೆ. ನೆರೆಯವನನ್ನು ಕಪ್ಪೆ ಮಾಡಲು ಹೋದರೆ ಪೋಸ್ಟ್‌ಮನ್ ಕುಂಬಳಕಾಯಿ ಆಗುತ್ತಾನೆ. ಸರಿಪಡಿಸಲು ಹೋದರೆ ಇಡೀ ಓಣಿ ಕುಂಬಳಕಾಯಿ. ಕಸಬರಗಿ ಏರಿ ಓಡಿಹೋಗಲು ನೋಡಿದರೆ ಅದು ಹಿಮ್ಮುಖವಾಗಿ ಹಾರಿ ಕೆರೆಗೆ ಬೀಳುತ್ತದೆ.

ಸಾವಕಾರರ ಹೆಂಡತಿ ಶಕುಂತಲಾಬಾಯಿ ಎದೆ ಹಿಡಿದುಕೊಂಡರು. ಮಾಟಕ್ಕಲ್ಲ. “ಅಯ್ಯಯ್ಯ, ಲಕ್ಷ್ಮಿ ಮ್ಯಾಲ ಕಾಲ್ ಹಾಕಿ ಕುಂತಾಳಲ್ರೀ!” ದೀಪಾವಳಿಗೆ ಹೊಸ ಕಸಬರಗಿ ತಂದು, ಅರಿಶಿನ ಕುಂಕುಮ ಹಚ್ಚಿ ಲಕ್ಷ್ಮಿಯೆಂದು ಪೂಜಿಸುವ ಮನೆ ಅದು. ಆ ಲಕ್ಷ್ಮಿಯನ್ನು ಕಟ್ಟಿದವಳು ಹೊಸ್ತಿಲ ಹೊರಗೆ ಕೂತು ಹೊಟ್ಟೆ ಹಿಡಿದು ನಗುತ್ತಿದ್ದಳು.

“ಬಾಯಾರ, ಹಂತಾ ಕಸಬರಗಿ ಹಾರ್ತದೇನ್ರಿ? ಕಟ್ಟು ನೋಡ್ರಿ, ಸಡಲ ಅದ. ನಂದಾಗಿದ್ರ ಸೀದಾ ಬೀದರ್‌ ತನಕ ಹೋಗ್ತಿತ್ತು!”

ಧೂಳಮ್ಮ ತನ್ನ ಮಾಲಿನ ಗುಣ ಹೇಳಿದ್ದಳು. ಓಣಿಗೆ ತಪ್ಪೊಪ್ಪಿಗೆ ಕೇಳಿಸಿತ್ತು.

“ಕೇಳಿದ್ರಿಲ್ಲ? ಬಾಯಿಬಿಟ್ಟು ಹೇಳಿದಳು,” ಎಂದರು ಗುರುಶಾಂತರು, ಅವಳು ಎದ್ದು ಹೋದ ಮೇಲೆ. “ಮತ್ತ ಹಲ್ಲಿಂದು ನೋಡ್ರಿ. ಇಂಗ್ಲಿಷರಿಗೂ ಗೊತ್ತದ. ಹಲ್ಲ್ ಸಡಲಾತು, ಮಂತ್ರ ಕೆಡ್ತು.”

“ಕಾಕಾ, ಅದು ಕಾಮಿಡಿ ಅದರೀ,” ಎಂದ ಸತೀಶಕುಮಾರ.

“ಕಾಮಿಡಿ ಅಂದ್ರ?”

“ಸುಮ್ನ ನಗಲಾಕ.”

“ನಗೋದ್ರಾಗ ಖರೇ ಮಾತ್ ಇರಂಗಿಲ್ಲೇನು? ನೀ ವಾಯರ್ ನೋಡ್ಕೊ ಹೋಗು.”

ಅವಳ ಮುಂದಿನ ಹಲ್ಲು ಕೀಳಿಸಲು ಹಳ್ಳಿಖೇಡದ ಕಡೆಯಿಂದ ಮಚ್ಚೇಂದ್ರ ಎಂಬ ಮಂತ್ರವಾದಿಯನ್ನು ಕರೆಸುವುದೆಂದಾಯಿತು. ಮರುದಿನ ಬೆಳಿಗ್ಗೆ, ಲಕ್ಷ್ಮಿ ಪೂಜೆಗಿಂತ ಮೊದಲು. ಶುಭಕಾರ್ಯ ಮುಂಚೆ ಮುಗಿಯಬೇಕಲ್ಲ!

ನಾನು ಧೂಳಮ್ಮನ ಗುಡಿಸಲಿಗೆ ಹೋಗಿ ವಿಷಯ ತಿಳಿಸಿದೆ. ಅವಳು ಕೈಯಿಂದ ಬಾಯಿ ಮುಚ್ಚಿಕೊಂಡಳು, ಆಗಲೇ ಇಕ್ಕಳ ಎದುರಿಗೆ ಬಂದ ಹಾಗೆ.

“ಖರೇನೇ ಕೀಳ್ತಾರೇನ್ರಿ ಅಕ್ಕಾ? ಹಲ್ಲಿಲ್ಲಂದ್ರ ಕಟ್ಟು ಹ್ಯಾಂಗ ಬಿಗೀಲಿ? ಕಟ್ಟು ಬಿಗಿಲಿಲ್ಲಂದ್ರ ನನ್ನ ಕಸಬರಗಿ ಯಾರ್ ಒಯ್ತಾರ?”

“ಮಂಠಾಳಕ್ಕ ಹೋಗಿಬಿಡು, ಸ್ವಲ್ಪ ದಿನ.”

“ಹೋದ್ರ, ನೋಡ್ರಿ ಹಾರಿಹೋದ್ಳು ಅಂತಾರ.”

ಸಂಜೆ ದೀಪ ಹಚ್ಚಿ, ಇಷ್ಟಲಿಂಗದ ಮುಂದೆ ಅವಳ ಹಲ್ಲಿಗಾಗಿ ಬೇಡಿಕೊಂಡೆ. ದೇವರಲ್ಲಿ ಏನೇನೋ ಕೇಳಿದ್ದೆ, ಹಲ್ಲು ಕೇಳಿದ್ದು ಅದೇ ಮೊದಲು.

ಬೆಳಿಗ್ಗೆ ಮಚ್ಚೇಂದ್ರ ಅಂಗಡಿಯ ಮುಂದೆ ನಿಂಬೆಹಣ್ಣು, ಬೂದಿ, ಒಂದು ಇಕ್ಕಳ ಹರಡಿಕೊಂಡು ಕೂತಿದ್ದ. ಇಕ್ಕಳ ಸೈಕಲ್ ರಿಪೇರಿಯದು. ಅದಕ್ಕೂ ಕುಂಕುಮ ಹಚ್ಚಿದ್ದ. ಅವಳನ್ನು ಎಳೆದು ತರಲು ಇಬ್ಬರು ಎದ್ದು ನಿಲ್ಲುವಷ್ಟರಲ್ಲಿ ಧೂಳಮ್ಮ ತಾನೇ ಬಂದಳು. ತಲೆಯ ಮೇಲೆ ಕಸಬರಗಿಯ ಹೊರೆ. ಅದನ್ನು ಇಳಿಸಿ ಸಾವಕಾರರ ಎದುರಿಗೇ ಕೂತಳು.

“ಕೀಳ್ರಿ ಸಾವಕಾರ್ರ. ಆದ್ರ ಒಂದ್ ಮಾತು. ನಿನ್ನೆ ನೀವೂ ಪಿಚ್ಚರ್ ನೋಡೀರಿ, ನಾನೂ ನೋಡೀನಿ. ಹಲ್ಲ್ ಜಾರಿದ ಮ್ಯಾಲ ಆ ಮುದುಕಿ ಮಂತ್ರ ನಿಂತಿತೇನ್ರಿ?”

ಗುರುಶಾಂತರು ಇಕ್ಕಳದ ಕಡೆ ನೋಡಿದರು.

“ನಿಲ್ಲಲಿಲ್ಲ. ಗುರಿ ತಪ್ಪಿತು. ಒಬ್ಬಾವಗ ಬಿಟ್ಟಿದ್ದು ಇಡೀ ಓಣಿಗೆ ಬಡೀತು. ಈಗ ನನ್ನ ಹಲ್ಲು ಬರಾಬರ್ ಅವ. ಒಂದ್ ವ್ಯಾಳ್ಯಾ ನಾ ಮಾಡಾಕಿ ಅಂತನೇ ಹಿಡೀರಿ, ಎಮ್ಮಿಗಿ ಬಿಟ್ಟಿದ್ದು ಎಮ್ಮಿಗೇ ಹತ್ತೇದ. ಹಲ್ಲ್ ಕಿತ್ತ ಮ್ಯಾಲ ಎಮ್ಮಿಗಿ ಬಿಟ್ಟಿದ್ದು ಯಾರಿಗಿ ಹತ್ತತದೋ, ನಾ ಹ್ಯಾಂಗ ಹೇಳ್ಲಿ?”

ಎಮ್ಮೆಯ ಪಕ್ಕದಲ್ಲಿ ದಿನವೂ ನಿಲ್ಲುವವರು ಶಕುಂತಲಾಬಾಯಿ. ಅವರು ಮೆಲ್ಲಗೆ ಗಂಡನ ಹಿಂದೆ ಸರಿದರು. “ಏನ್ರೀ, ಇರ್ಲಿ ಬಿಡ್ರೀ ಹಲ್ಲು.”

“ಹೆದರಬ್ಯಾಡ್ರಿ, ನಾ ಮಂತ್ರದ ಕಟ್ಟು ಹಾಕ್ತೀನಿ,” ಎಂದು ಮಚ್ಚೇಂದ್ರ ಇಕ್ಕಳ ಎತ್ತಿದ.

ಧೂಳಮ್ಮ ಅವನ ಬಾಯಿಯನ್ನೇ ನೋಡಿದಳು. ಗುಟ್ಕಾ ತಿಂದು ತಿಂದು ಅವನ ಮುಂದಿನ ಹಲ್ಲೆರಡು ಹೋಗಿದ್ದವು. “ಮಾರಾಜ, ನಿಮ್ಮ ಮಂತ್ರ ಹಲ್ಲಿನ ಸಂದ್ಯಾಗಿಂದ ಹಾಯ್ದು ಬರ್ತದಲ್ರಿ. ಅದು ಬರಾಬರ್ ಮುಟ್ಟತದೇನು?”

ಮೊದಲು ನಕ್ಕವನು ಸತೀಶಕುಮಾರ. ಆಮೇಲೆ ಒಬ್ಬೊಬ್ಬರೇ. ಮಚ್ಚೇಂದ್ರ ನಿಂಬೆಹಣ್ಣು ಜೋಳಿಗೆಗೆ ತುಂಬಿಕೊಂಡು, ಇಂಥ ಓಣಿಗೆ ದೇವರೇ ಗತಿ ಎನ್ನುತ್ತ ಬಸ್‌ಸ್ಟ್ಯಾಂಡಿನ ಕಡೆ ನಡೆದ. ಆ ಮಾತಿಗೆ ನನ್ನದೂ ಒಪ್ಪಿಗೆಯಿತ್ತು.

ಆ ದೀಪಾವಳಿಗೆ ಧೂಳಮ್ಮನ ಒಂದು ಕಸಬರಗಿಯೂ ಉಳಿಯಲಿಲ್ಲ. ಕೊಳ್ಳದೆ ಬಿಡುವ ಧೈರ್ಯ ಯಾರಿಗಿತ್ತು? ಹೊಸ್ತಿಲ ಹೊರಗೆ ಕೂರುತ್ತಿದ್ದವಳಿಗೆ ಪಡಸಾಲೆಯಲ್ಲಿ ಕುರ್ಚಿ ಬಂತು. ಎಲ್ಲರೂ ಸಮಾನರೆಂಬ ಅಷ್ಟು ವರ್ಷದ ಮಾತಿನಿಂದ ಆಗದಿದ್ದದ್ದು ಒಂದು ಬೆಳಗಿನ ಭಯದಿಂದ ಆಯಿತು. ಆದರೆ ಎಳೆಗೂಸುಗಳನ್ನು ಅವಳ ಎದುರಿನಿಂದ ಎತ್ತಿಕೊಂಡು ಒಳಗೆ ಹೋಗುವುದು ನಿಲ್ಲಲಿಲ್ಲ.

“ಮೊದಲ ಬರೇ ಸಂಶೆ ಇತ್ರಿ ಅಕ್ಕಾ, ಈಗ ಪಕ್ಕಾ ಆತು,” ಎಂದಳು ನನ್ನೆದುರು. ಕೂಸುಗಳೆಂದರೆ ಅವಳಿಗೆ ಪ್ರಾಣ. ಹುರಿ ಹಲ್ಲಿನಲ್ಲಿ ಕಚ್ಚಿ ಒಂದು ಗಂಟು ಬಿಗಿದು, “ಹೋಗ್ಲಿ, ಹಲ್ಲ್ ಉಳದಾವ,” ಎಂದಳು.

ಪ್ರತಿ ದೀಪಾವಳಿಗೂ ಸತೀಶಕುಮಾರ ಬುಡ್ಢಿ ಪಿಚ್ಚರ್ ಹಾಕುತ್ತ ಬಂದ. ಧೂಳಮ್ಮನಿಗೆ ಅದೆಂದರೆ ಅಷ್ಟು ಇಷ್ಟ. ಅವಳ ಇಷ್ಟ ನಡೆಸದಿರಲು ಯಾರೂ ತಯಾರಿರಲಿಲ್ಲ.

ಎರಡು ಸಾವಿರದ ಐದರ ಹೊತ್ತಿಗೆ ವಯಸ್ಸು ತನ್ನ ಕೆಲಸ ಮಾಡಿತು. ಹುರಿ ಜಗ್ಗುವಾಗ ಮುಂದಿನ ಒಂದು ಹಲ್ಲು ಬಿತ್ತು, ಹಿಂದೆಯೇ ಇನ್ನೆರಡು ಅಲುಗಾಡಿದವು. ಸುದ್ದಿ ಅಂಗಡಿಯೊಳಗೆ ಹೋದದ್ದೇ ತಡ, ಗುರುಶಾಂತರು ಜೀಪು ತರಿಸಿದರು. ಹೆತ್ತ ತಾಯಿಯನ್ನೂ ಅಷ್ಟು ಅವಸರದಿಂದ ದವಾಖಾನೆಗೆ ಒಯ್ದವರಲ್ಲ ಅವರು. ಬಸವಕಲ್ಯಾಣದ ಹಲ್ಲಿನ ಡಾಕ್ಟರರ ಮುಂದೆ ನಿಂತು, “ಬಿಗಿ ಕೂಡ್ರಸ್ರಿ ಡಾಕ್ಟರೇ, ಜರಾನೂ ಜಾರಬಾರದು,” ಎಂದು ಮತ್ತೆ ಮತ್ತೆ ಹೇಳಿದರಂತೆ.

ಅಲುಗಾಡುವವನ್ನು ಕಿತ್ತು ಕಟ್ಟಿಸಿದ ಹಲ್ಲಿನ ಸೆಟ್ಟು ನೋಡಲು ಚೆಂದವಿತ್ತು, ಹುರಿ ಜಗ್ಗಲು ಬರುತ್ತಿರಲಿಲ್ಲ. ಧೂಳಮ್ಮ ಕಾಲಿನ ಹೆಬ್ಬೆರಳಿಗೆ ಹುರಿ ಸಿಕ್ಕಿಸಿ ಕಟ್ಟುವುದನ್ನು ಕಲಿತಳು. ಸೆಟ್ಟು ಒತ್ತುತ್ತದೆಂದು ಅದನ್ನು ಬಿಚ್ಚಿ ಪಕ್ಕದ ನೀರಿನ ಗಿಂಡಿಯಲ್ಲಿ ಇಟ್ಟುಬಿಡುವಳು. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವ ಮುನ್ನ, ದೇವರ ಫೋಟೋಕ್ಕೆ ಕೈ ಮುಗಿಯುವುದಕ್ಕಿಂತ ಮೊದಲು, ಗುರುಶಾಂತರು ಗೋಡೆಯ ಕಡೆ ಇಣುಕುತ್ತಿದ್ದರು.

“ಧೂಳಮ್ಮಾ, ಹಲ್ಲ್ ಹಾಕ್ಕೊಂಡಿಲ್ಲವ್ವಾ?”

ಅವಳು ತಲೆ ಎತ್ತದೆ, ಮುಂದಿನ ಹಲ್ಲಿಲ್ಲದ ಬಾಯಲ್ಲಿ ಗರಿಗೆ ಬೈಯುತ್ತ, ಗಂಟು ಬಿಗಿಯಾಗುವವರೆಗೂ ಅವರನ್ನು ನಿಲ್ಲಿಸಿಯೇ ಇರುತ್ತಿದ್ದಳು.