ಒಡೆದ ಕಾಯಿಯ ಚಿತ್ರ

ನನ್ನ ಗಂಡ ಮಲ್ಲಿಕಾರ್ಜುನಸ್ವಾಮಿ ಗುಂಡ್ಲುಪೇಟೆಯ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರು, ಮನೆ ಹರವೆಯಲ್ಲಿ. ಮನುಷ್ಯರ ಮುಖ ಬರೆದವರಲ್ಲ, ದೇವರನ್ನೂ ಬರೆದವರಲ್ಲ. ಬದನೆಕಾಯಿ, ಚೊಂಬು, ಈರುಳ್ಳಿ, ಟೊಮೆಟೊ, ಇಷ್ಟೇ. ಅದಕ್ಕೆ ಸ್ಟಿಲ್ ಲೈಫ್ ಅಂತ ಹೆಸರಂತೆ. ಕಣ್ಣೆದುರು ಇಟ್ಟುಕೊಂಡು ಕಂಡದ್ದನ್ನು ಕಂಡ ಹಾಗೇ ಬರೆಯಬೇಕಂತೆ. ಮುಗಿಯುವವರೆಗೆ ಟೊಮೆಟೊ ಮುಟ್ಟುವ ಹಾಗಿಲ್ಲ. ಎಷ್ಟು ದಿನ ಬರೀ ಹುಣಸೆಹಣ್ಣಿನ ಸಾರು ಮಾಡಿದ್ದೇನೋ, ಆ ಶಿವನಿಗೇ ಗೊತ್ತು! ನನಗೋ ಮೂಗಿನ ತುದಿಯಲ್ಲೇ ಕೋಪ.

ಮೈಸೂರಿನಲ್ಲಿ ಮೇಷ್ಟ್ರುಗಳದ್ದೇ ಒಂದು ಚಿತ್ರಪ್ರದರ್ಶನ ನಡೆಯುತ್ತಿತ್ತು. ಪ್ರತಿ ವರ್ಷ ಕಳಿಸುತ್ತಿದ್ದರು, ಪ್ರತಿ ವರ್ಷ ವಾಪಸ್ ಬರುತ್ತಿತ್ತು. 2006ರದ್ದೇ ಕೊನೆಯ ಅವಕಾಶ, ಆಮೇಲೆ ರಿಟೈರ್ಡ್. ಸೋಮವಾರ ಸಂಜೆಯೊಳಗೆ ಚಿತ್ರ ತಲುಪಬೇಕಿತ್ತು. ಕಿಟಕಿಯ ಕೆಳಗೆ ಮಣೆಯಿಟ್ಟು, ಬಿಳಿ ಪಂಚೆ ಹಾಸಿ, ತಾಮ್ರದ ಚೊಂಬು, ಜುಟ್ಟಿನ ತೆಂಗಿನಕಾಯಿ, ಒಂದು ಚಿಪ್ಪು ಬಾಳೆಹಣ್ಣು ಜೋಡಿಸಿ ಮೂರು ದಿನ ಬೆಳಗ್ಗೆ ಬರೆದರು. ಕಾಯಿ ಮಾತ್ರ ಬಾಕಿ ಉಳಿದಿತ್ತು.

ಭಾನುವಾರ ಅವರು ಸ್ನಾನಕ್ಕೆ ಹೋಗಿದ್ದರು, ನಾನು ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಒಳಗೆ ಟಪ್ಪೆಂದು ಸದ್ದಾಯಿತು. ಓಡಿ ಬಂದು ನೋಡಿದರೆ ಅತ್ತೆ ಚಿಕ್ಕಮಲ್ಲಮ್ಮ ಮಣೆಯ ಮುಂದೆ ಕೂತಿದ್ದಾರೆ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಉಡಿಗಾಲದ ಮಗಳ ಮನೆಯಿಂದ ಹಿಂದಿನ ರಾತ್ರಿಯಷ್ಟೇ ಬಂದಿದ್ದರು. ಮಗ ಕಳಶ ಇಟ್ಟಿದ್ದಾನೆ ಅಂದುಕೊಂಡು ಚೊಂಬಿಗೆ ವಿಭೂತಿ ಬಳಿದು, ದಾಸವಾಳ ಮುಡಿಸಿ, ಕಾಯಿ ಒಡೆದೇಬಿಟ್ಟಿದ್ದರು!

"ನನ್ ಮಗನ್ ಚಿತ್ರವ ಈ ಸಲನಾದ್ರೂ ಅವ್ರು ಒಪ್ಕಳಂಗೆ ಮಾಡಪ್ಪ, ಮಾದಪ್ಪ," ಎಂದು ಬೇಡಿಕೊಳ್ಳುತ್ತಿದ್ದರು.

ನಾನು ಬಾಯಿ ತೆರೆಯುವಷ್ಟರಲ್ಲಿ, ಬಚ್ಚಲಿನಿಂದ ಬಂದ ನನ್ನವರು ಸುಮ್ಮನಿರು ಅಂತ ಸನ್ನೆ ಮಾಡಿದರು. ಅತ್ತೆ ಬಾಳೆಹಣ್ಣು ಮುರಿದು, "ತಕ್ಕೊ ಮಗ, ಪ್ರಸಾದ," ಎಂದರು. ಇವರು ಒದ್ದೆ ತಲೆಯಲ್ಲೇ ಕೂತು ತಿಂದರು.

"ಬ್ಯಾರೆ ಕಾಯಿ ತಂದಿಡ್ತೀನಿ, ಬರ್ದು ಮುಗ್ಸುಬುಡಿ," ಎಂದು ಅಡುಗೆಮನೆಯಲ್ಲಿ ಪಿಸುಗುಟ್ಟಿದೆ.

"ಈಗ ಕಾಣ್ತಿರೋದೇ ಬ್ಯಾರೆ ಕಣಮ್ಮಿ," ಎಂದವರು ಹೊಸ ಹಾಳೆ ತೆಗೆದರು. ಒಡೆದ ಕಾಯಿ ಕೆಂಪಾಗುವ ಮೊದಲೇ ಅದರ ಬಿಳುಪು ಹಿಡಿಯಬೇಕೆಂದು ಊಟಕ್ಕೂ ಏಳಲಿಲ್ಲ. ವಿಭೂತಿ, ದಾಸವಾಳ, ಬಾಳೆಸಿಪ್ಪೆ, ಒಂದನ್ನೂ ಬಿಡಲಿಲ್ಲ. ನಾನು ಬೈದೆ, ಅತ್ತೆಗೆ ಕೇಳದ ಹಾಗೆ ಕಣ್ಣೀರಿಟ್ಟೆ. ಸೋಮವಾರದ ಗಡುವು ಹೋಯಿತು, ಮಂಗಳವಾರವೂ ಹೋಯಿತು. ಬುಧವಾರ ಮುಗಿಯಿತು. ಅಷ್ಟು ಚೆಂದದ್ದನ್ನು ಅವರು ಯಾವತ್ತೂ ಬರೆದಿರಲಿಲ್ಲ. ಅದನ್ನು ನೋಡುವವರು ಮಾತ್ರ ಯಾರೂ ಇರಲಿಲ್ಲ.

ತಿಂಗಳಾದ ಮೇಲೆ ಅತ್ತೆ ಕೇಳಿದರು, "ನಿನ್ ಚಿತ್ರವ ತಕ್ಕಂಡ್ರಾ ಮಗ?"

"ತಕ್ಕಂಡ್ರು ಕಣವ್ವ."

ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಆ ಬಾಯಿಂದ ನಾನು ಕೇಳಿದ ಮೊದಲ ಸುಳ್ಳು ಅದು. ಅತ್ತೆ ನನ್ನ ಕಡೆ ತಿರುಗಿದರು. "ದಿಟವೇನಮ್ಮಿ ನೀಲಾ?"

ನಾನೂ ಅಂದೆ, "ದಿಟ ಕಣತ್ತೆ. ಬಾಗ್ಲಲ್ಲೇ ಆಕವ್ರಂತೆ. ಒಳಕ್ಕೋಗೋರೆಲ್ಲ ಮೊದ್ಲು ಅದ್ನೇ ನೋಡ್ಬೇಕಂತೆ."