ಬಾಣಂತಿ ಕೋಣೆಯ ಹೀಟರ್

ಬ್ರಿಸ್ಬೇನಿನಲ್ಲಿದ್ದ ಮೂರು ವರ್ಷ ನಮಗೆ ಹೀಟರಿನ ಯೋಚನೆಯೇ ಬಂದಿರಲಿಲ್ಲ. ಗಂಡನಿಗೆ ಅಡಿಲೇಡಿನ ಮಾಸನ್ ಲೇಕ್ಸ್ ಬಡಾವಣೆಯಲ್ಲಿ ಕೆಲಸ ಸಿಕ್ಕಿ ಆ ಊರಿಗೆ ಬಂದಾಗ ನನಗೆ ಏಳು ತಿಂಗಳು. ಆಸ್ಪತ್ರೆ ಹತ್ತಿರವಿರಲಿ ಎಂದು ಬೆಡ್‌ಫರ್ಡ್ ಪಾರ್ಕಿನಲ್ಲಿ ಒಂದು ಹಳೆಯ ಇಟ್ಟಿಗೆ ಮನೆ ಹಿಡಿದೆವು. ಅದು 2014. ಆಸ್ಟ್ರೇಲಿಯಾದಲ್ಲಿ ಜೂನ್ ಎಂದರೆ ಚಳಿಗಾಲ; ಆ ತಿಂಗಳ ಕೊನೆಯ ಕೊರೆಯುವ ಚಳಿಯಲ್ಲಿ ಮಗಳು ಹುಟ್ಟಿದಳು. ಬಾಣಂತನಕ್ಕೆ ಅಮ್ಮ ಮೈಸೂರಿನಿಂದ ಮೂರು ತಿಂಗಳಿಗೆಂದು ಬಂದಳು.

ಬಾಣಂತಿಗೆ ತಲೆ, ಕಿವಿ, ಪಾದ ಬೆಚ್ಚಗಿರಬೇಕು ಎನ್ನುವುದು ಅಮ್ಮನ ಮೊದಲನೇ ಕಾನೂನು. ಸಾಂಬ್ರಾಣಿ ಹಾಕಿದರೆ ಸ್ಮೋಕ್ ಅಲಾರಂ ಬಡಿದುಕೊಳ್ಳುತ್ತಿತ್ತು. ಉಳಿದದ್ದು ಕೋಣೆಯ ಗೋಡೆಗೆ ಒರಗಿಸಿದ್ದ ಸ್ಟೋರೇಜ್ ಹೀಟರ್. ಅಮ್ಮ ಬಂದ ಮೇಲೆಯೇ ಅದನ್ನು ಮೊದಲ ಸಲ ಹಾಕಿದ್ದು. ಅದರ ಹೊಟ್ಟೆಯಲ್ಲಿ ಇಟ್ಟಿಗೆಗಳಿರುತ್ತವೆ. ಅದಕ್ಕೆಂದೇ ರಾತ್ರಿ ಕೆಲವು ಗಂಟೆ ಮಾತ್ರ ಕಡಿಮೆ ದರದಲ್ಲಿ ಬರುವ ಕರೆಂಟಿನಲ್ಲಿ ಅವು ಕಾದು, ಮರುದಿನವಿಡೀ ನಿಧಾನವಾಗಿ ಶಾಖ ಬಿಡಬೇಕು. ನಮ್ಮದು ಬೆಳಿಗ್ಗೆ ಮುಟ್ಟಿದರೆ ಕಡಪಾ ಕಲ್ಲಿನ ಹಾಗೆ ತಣ್ಣಗಿರುತ್ತಿತ್ತು.

ನಾನು ಎಲೆಕ್ಟ್ರಿಕಲ್ ಎಂಜಿನಿಯರ್. ಒಂದು ಹೀಟರ್ ನನ್ನನ್ನು ಆಟ ಆಡಿಸುವುದೆಂದರೇನು? ಹೊಲಿಗೆ ಹಾಕಿದ ಮೈಯಲ್ಲೇ ಅದರ ಮುಂದೆ ಕೂತೆ. ಶಾಖ ತುಂಬುವ ಗುಂಡಿ ಪೂರ್ತಿ ತಿರುಗಿಸಿಟ್ಟಿತ್ತು. ಶಾಖ ಬಿಡುವ ಗುಂಡಿಯನ್ನು ಸಂಜೆ ಮುಚ್ಚಿ ನೋಡಿದೆ. ಗೋಡೆಯ ಸ್ವಿಚ್ ಆನ್ ಇತ್ತು, ಫ್ಯೂಸ್ ಸರಿಯಿತ್ತು. ಮರುದಿನ ಮತ್ತದೇ ಕಥೆ. ಗಂಡನ ಮೇಲೆ ರೇಗಿದೆ, ಮನೆ ಏಜೆಂಟಿನ ಮೇಲೆ ರೇಗಿದೆ. ಹೆಚ್ಚಿನ ಪಾಲು ಅಮ್ಮನಿಗೇ ಬಿತ್ತು, ಏಕೆಂದರೆ ದಿನವಿಡೀ ಎದುರಿಗಿದ್ದವಳು ಅವಳು. ಸಾರಿಗೆ ಉಪ್ಪು ಜಾಸ್ತಿ ಎಂದೆ. ಮಗುವಿಗೆ ಎಣ್ಣೆ ತಿಕ್ಕಿದರೆ ನರ್ಸ್ ಬೇಡ ಅಂದಿದ್ದಾಳೆ ಎಂದೆ. ಎರಡು ಸ್ವೆಟರ್ ಹಾಕಿಕೊಂಡು ಕೆಮ್ಮುತ್ತ ಓಡಾಡುತ್ತಿದ್ದ ಅಮ್ಮ ಮೂರನೇ ವಾರ ನನ್ನ ಗಂಡನಿಗೆ ಹೇಳಿದಳು: "ಈ ಚಳಿ ನನ್ನ ಕೈಲಿ ಆಗಲ್ಲಪ್ಪ. ಟಿಕೆಟ್ ಮುಂಚಿತವಾಗಿ ಮಾಡಿಸ್ಬಿಡು."

ಗಂಡ ಅದನ್ನು ನನಗೆ ಹೇಳಿದ. ಅಮ್ಮ ಹೋದರೆ ಗಂಡ ಕೆಲಸಕ್ಕೆ ಹೊರಟ ಮೇಲೆ ಈ ಮನೆಯಲ್ಲಿ ನಾನು, ಇಪ್ಪತ್ತು ದಿನದ ಕೂಸು ಇಬ್ಬರೇ. ಅದನ್ನು ಬಾಯಿಬಿಟ್ಟು ಹೇಳಲು ಜಂಬ ಅಡ್ಡ ಬಂತು. ಹೀಟರ್ ಸರಿಯಾದರೆ ಅಮ್ಮ ತಾನಾಗಿಯೇ ಉಳಿಯುತ್ತಾಳೆ ಎಂದುಕೊಂಡು ಏಜೆಂಟಿಗೆ ದಿನಕ್ಕೆ ಎರಡು ಸಲ ಫೋನ್ ಮಾಡಿದೆ.

ಕೊನೆಗೆ ಎಲೆಕ್ಟ್ರಿಷಿಯನ್ ಬಂದ, ವಯಸ್ಸಾದ, ಮೆತ್ತಗೆ ಮಾತಾಡುವ ಮನುಷ್ಯ. ಮುಚ್ಚಳ ಬಿಚ್ಚಿ ಒಳಗಿನ ತಂತಿ ಸುರುಳಿಗಳನ್ನು ಮೀಟರ್ ಇಟ್ಟು ನೋಡಿದ. ಹೊರಗೆ ಹೋಗಿ ರಾತ್ರಿಯ ಕರೆಂಟ್ ಬಿಡುವ ಗಡಿಯಾರವನ್ನೂ ನೋಡಿ ಬಂದ. ಎಲ್ಲವೂ ಸರಿಯಾಗಿದೆ, ರಾತ್ರಿ ಹೊತ್ತು ಯಾರಾದರೂ ಇದನ್ನು ಆಫ್ ಮಾಡುತ್ತಾರಾ ಎಂದು ಕೇಳಿದ. ಪ್ರಶ್ನೆಯೇ ಇಲ್ಲ, ನಾವೇನು ಅಷ್ಟು ತಿಳಿಯದವರಾ ಎಂಬ ಧಾಟಿಯಲ್ಲಿ ನಾನು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದೆ.

ಬಾಗಿಲ ಬಳಿ ಮಗುವನ್ನೆತ್ತಿಕೊಂಡು ನಿಂತಿದ್ದ ಅಮ್ಮನಿಗೆ 'ಆಫ್', 'ನೈಟ್' ಎರಡು ಪದ ಸಾಕಾಯಿತು. "ನಾನೇ ಕಣೇ ಮಾಡೋದು," ಎಂದಳು. "ಮಲಗೋಕ್ ಮುಂಚೆ ಎಲ್ಲಾ ಸ್ವಿಚ್ಚೂ ಆರಿಸ್ತೀನಿ. ಬೆಳಿಗ್ಗೆ ಎದ್ದು ಹಾಕ್ತೀನಲ್ಲ!"

ಮೈಸೂರಿನ ಮನೆಯಲ್ಲಿ ಅದು ಅಮ್ಮನ ಕೊನೆಯ ಸುತ್ತು. ಟಿವಿ, ಮಿಕ್ಸಿ, ಗೀಸರ್, ಎಲ್ಲದರ ಸ್ವಿಚ್ ಆರಿಸಿ, ಗ್ಯಾಸ್ ತಿರುಗಿಸಿ, ಬಾಗಿಲ ಚಿಲಕ ಎಳೆದು ನೋಡಿ ಮಲಗುತ್ತಿದ್ದಳು. ನಾನೂ ಅದನ್ನೇ ನೋಡುತ್ತ ಬೆಳೆದವಳು. ಅಮ್ಮ ಇಲ್ಲಿಗೆ ಬಂದ ದಿನದಿಂದ, ಕರೆಂಟ್ ಬರುವ ಅಷ್ಟೂ ಹೊತ್ತು ಹೀಟರ್ ಆಫ್ ಇದ್ದು, ಬರದ ಹೊತ್ತಿನಲ್ಲಿ ಆನ್ ಆಗಿರುತ್ತಿತ್ತು.

ನಾನು ಆ ಮನುಷ್ಯನ ಎದುರಿಗೇ ಕೂಗಿಬಿಟ್ಟೆ. "ಮೂರು ವಾರದಿಂದ ತಲೆ ಕೆಡಿಸ್ಕೊಂಡಿದೀನಿ, ಒಂದು ಮಾತು ಹೇಳೋಕಾಗ್ಲಿಲ್ವಾ? ನೀನು ಬಂದಿದ್ದು ನೋಡ್ಕೊಳೋಕಾ, ಕಾಟ ಕೊಡೋಕಾ?"

"ಕೆಟ್ಟಿದೆ ಅಂತ ನೀನೇ ಹೇಳ್ದೆ. ಕೆಟ್ಟಿರೋದನ್ನ ಮಗು ಮಲಗೋ ರೂಮಲ್ಲಿ ರಾತ್ರಿಯೆಲ್ಲ ಹೆಂಗೆ ಬಿಡ್ಲಿ?" ಎಂದು ಅಮ್ಮ ಒಳಗೆ ಹೋದಳು. ಎಲೆಕ್ಟ್ರಿಷಿಯನ್ ತಲೆ ತಗ್ಗಿಸಿ ಮುಚ್ಚಳ ಹಾಕಿ ಹೊರಟ.

ಅಂದು ಸ್ವಿಚ್ಚನ್ನು ಯಾರೂ ಮುಟ್ಟಲಿಲ್ಲ. ಬೆಳಿಗ್ಗೆ ಕೋಣೆ ಹದವಾಗಿ ಬೆಚ್ಚಗಿತ್ತು. ಅಮ್ಮ ಹೀಟರಿನ ಪಕ್ಕ ಕೂತು ಮಗುವಿನ ಬಟ್ಟೆ ಮಡಚುತ್ತಿದ್ದಳು. ಒಂದೇ ಸ್ವೆಟರ್ ಹಾಕಿದ್ದಳು. ನನಗೆ ಗೆದ್ದ ಹಾಗಾಯಿತು.

"ಇನ್ನೇನು, ಚಳಿ ಹೋಯ್ತಲ್ಲ. ಟಿಕೆಟ್ ಬದಲಾಯಿಸೋದು ಬೇಡ ಅಂತ ಹೇಳ್ಲಾ?"

ಅಮ್ಮ ತಲೆ ಎತ್ತಲಿಲ್ಲ. "ಚಳಿಗಲ್ಲ ಕಣೇ ನಾನು ಹೊರಟಿದ್ದು. ಬಂದಾಗಿಂದ ಮಾತು ಮಾತಿಗೂ ಸಿಡುಕ್ತೀಯ. ನಿನಗೆ ನಾನಿರೋದೇ ಹಿಂಸೆ ಅನ್ನಿಸ್ತು. ಅಳಿಯಂದ್ರ ಹತ್ರ ಅದನ್ನ ಹೇಳೋಕಾಗತ್ತಾ? ಚಳಿ ಅಂದೆ."

ನಾನು ಮಂಚದ ಅಂಚಿನಲ್ಲಿ ಕೂತು ಅತ್ತೆ. ಹೆರಿಗೆಯ ದಿನವೂ ಹಾಗೆ ಅತ್ತಿರಲಿಲ್ಲ. ತಪ್ಪಾಯಿತು ಎಂದೆ. ಆಮೇಲೆ, ಮೂರು ವಾರದಿಂದ ನುಂಗಿಕೊಂಡಿದ್ದದ್ದು ಹೊರಗೆ ಬಂತು. "ಹೋಗ್ಬೇಡಮ್ಮ. ಒಬ್ಳೇ ಇರೋಕೆ ನಂಗೆ ಭಯ ಆಗತ್ತೆ."

ಅಮ್ಮ ಮಡಚಿದ್ದ ಬಟ್ಟೆಯನ್ನು ಮತ್ತೆ ಬಿಡಿಸಿ, ಮತ್ತೆ ಮಡಚಿದಳು.

"ಇದನ್ನ ಹೇಳೋಕೆ ಇಷ್ಟು ದಿನ ಬೇಕಾಯ್ತಾ ನಿಂಗೆ?" ಎಂದಳು.